ರಾಜಗೋಪಾಲನಗರಕ್ಕೆ ಊಟಿ ಬಂದೀತೇ?

ಊಟಿಗೆ ಹೋಗಿಬಂದವರ ಚೀಲದಲ್ಲಿ ಮೂರು ವಸ್ತು ಇದ್ದೇ ಇರುತ್ತವೆ. ನೀಲಗಿರಿ ಎಣ್ಣೆ, ಚಾಕೊಲೇಟು ಮತ್ತು ಒಂದು ಹೂವಿನ ಗಿಡ. ಮೊದಲೆರಡು ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತವೆ. ಗಿಡ ಮಾತ್ರ ಮನೆಮಂದಿಗೆಲ್ಲ ಪರೀಕ್ಷೆಯಾಗಿ ಉಳಿಯುತ್ತದೆ.

ನಮ್ಮ ಮನೆಗೆ ಹಾಗೆ ಬಂದದ್ದು ನೀಲಿ ಹೈಡ್ರಾಂಜಿಯ. ಮಗುವಿನ ತಲೆಯಷ್ಟು ದಪ್ಪದ ಹೂಗೊಂಚಲು. ಮರುವರ್ಷ ಅದು ರಾಜಗೋಪಾಲನಗರದಲ್ಲಿ ಮತ್ತೆ ಹೂ ಬಿಟ್ಟಾಗ ಬಣ್ಣ ಗುಲಾಬಿ! ಮಾರಿದವನು ಮೋಸ ಮಾಡಿದನೆಂದು ನಾನು ಬೈದುಕೊಂಡೆ. ಒಂಬತ್ತನೇ ತರಗತಿಯ ಮಗಳು ನಕ್ಕು, 'ಅಪ್ಪಾ, ಇದು ಲಿಟ್ಮಸ್ ಕಾಗದದ ಹಾಗೆ, ಆದರೆ ಉಲ್ಟಾ' ಎಂದಳು. ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಅದು ಸಿಗುವುದಿಲ್ಲ, ಹೂ ಗುಲಾಬಿಯಾಗುತ್ತದೆ. ವರ್ಷವಿಡೀ ನಾವು ಹೊಯ್ದ ಬೋರ್‌ವೆಲ್ಲಿನ ಗಡಸು ನೀರು ಕುಂಡದ ಮಣ್ಣನ್ನೇ ಬದಲಾಯಿಸಿತ್ತು. ಮೋಸ ಮಾಡಿದ್ದು ಅಂಗಡಿಯವನಲ್ಲ, ನಮ್ಮ ನೀರು.

ಅಂದಿನಿಂದ ಮಗಳಿಗೆ ಒಂದೇ ಹಟ: ತಾರಸಿಯ ಮೇಲೆ ತಂಪುನಾಡಿನ ದೊಡ್ಡ ತೋಟ ಆಗಬೇಕು. ನಮ್ಮದು ಮೂವತ್ತು ನಲವತ್ತರ ಸೈಟು. ಹಿಂದಿನ ಬೀದಿಯಲ್ಲಿ ಲೇತ್ ಯಂತ್ರಗಳ ಸದ್ದು, ಪೀಣ್ಯದ ಕಡೆಯಿಂದ ಗಾಳಿ ಬೀಸಿದರೆ ಕಾದ ಕಬ್ಬಿಣದ ವಾಸನೆ. ಇಲ್ಲಿ ತಾರಸಿ ಎಂದರೆ ಬಾಡಿಗೆಗೆ ಕಟ್ಟಬಹುದಾದ ಇನ್ನೊಂದು ಕೋಣೆ. ಕಾರ್ಖಾನೆಗೆ ಹೋಗುವ ಹುಡುಗರು ಬಾಡಿಗೆಗೆ ಕಾದೇ ಇರುತ್ತಾರೆ. ಮನೆಯಾಕೆಯ ಲೆಕ್ಕವೂ ಅದೇ ಆಗಿತ್ತು. 'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಕಾಲೇಜಿನ ಫೀಜು. ಹೂವು ಫೀಜು ಕಟ್ಟುತ್ತದೆಯೇ?' ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಚಳಿಗಾಲದ ಮಟ್ಟಿಗೆ ನೋಡೋಣ ಎಂಬ ರಾಜಿಯಾಯಿತು.

ಮೊದಲು ಲೆಕ್ಕ ಹಾಕಿದೆವು. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆಂದು ಭೂಗೋಳದ ಪಾಠದಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಊಟಿ 2,240 ಮೀಟರ್. ಅಂತರ 1,320 ಮೀಟರ್, ಅಂದರೆ ಎಂಟೂವರೆ ಡಿಗ್ರಿ. ಈ ಎಂಟೂವರೆ ಡಿಗ್ರಿಯನ್ನು ಯಾವ ನೆರಳುಬಲೆಯೂ ತಂದುಕೊಡಲಾರದು. ಆದರೆ ಏಪ್ರಿಲಿನಲ್ಲಿ 34 ಡಿಗ್ರಿಯವರೆಗೆ ಕಾಯುವ ಬೆಂಗಳೂರಿನ ಹಗಲು ಡಿಸೆಂಬರಿನಲ್ಲಿ 27ರ ಆಸುಪಾಸಿಗೆ ಇಳಿಯುತ್ತದೆ, ರಾತ್ರಿ 16ಕ್ಕೆ ಬರುತ್ತದೆ. ಅಂದರೆ ಊಟಿಗೆ ನಾವು ಹೋಗಬೇಕಾಗಿಲ್ಲ. ವರ್ಷಕ್ಕೆ ಮೂರ್ನಾಲ್ಕು ತಿಂಗಳು ಅದರ ಒಂದು ತುಣುಕು ತಾನೇ ಇಲ್ಲಿಗೆ ಬರುತ್ತದೆ. ಬಂದಾಗ ಸಸಿಗಳು ಸಿದ್ಧವಾಗಿರಬೇಕು, ಅಷ್ಟೆ.

ಈ ಗುಟ್ಟು ಹೊಸದೇನಲ್ಲ. 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಹೊರದೇಶಗಳ ಎಷ್ಟೋ ಗಿಡಗಳನ್ನು ಇಲ್ಲಿಯ ಮಣ್ಣಿಗೆ ಒಗ್ಗಿಸಿದರು. ನಾವು ಸಾಂಬಾರಿಗೆ ಹಾಕುವ ಸೀಮೆಬದನೆ ಇಲ್ಲಿ ಹಬ್ಬಿದ್ದು ಅವರ ಕಾಲದಲ್ಲಿ. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್, ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಅವರ ಲೆಕ್ಕದಲ್ಲಿ ತೋಟಕ್ಕೆ ಜಾಗ ಎಷ್ಟು ಮುಖ್ಯವೋ ತಿಂಗಳೂ ಅಷ್ಟೇ ಮುಖ್ಯ.

ನಮ್ಮ ಮನೆಯ ಪಂಚಾಂಗ ಹೀಗಿತ್ತು. ಗೌರಿ ಗಣೇಶ ಮುಗಿದ ಮೇಲೆ ಬೀಜ. ಪ್ಯಾನ್ಸಿ, ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್ ಬೀಜಗಳು ಸಾಸಿವೆಗಿಂತಲೂ ಸಣ್ಣವು ಅಥವಾ ಹೆಚ್ಚೆಂದರೆ ಅಷ್ಟು ಗಾತ್ರದವು. ಅವನ್ನು ಆಳವಾಗಿ ಹೂಳಬಾರದು. ಸ್ವೀಟ್ ಪೀ ಬೀಜವನ್ನು ರಾತ್ರಿ ನೆನೆಹಾಕಿ ಬಿತ್ತಬೇಕು. ಅಕ್ಟೋಬರಿನ ಹಿಂಗಾರು ಮಳೆ ಎಳೆ ಸಸಿಗಳ ಬುಡ ಕೊಳೆಸುತ್ತದೆ, ನಮ್ಮ ಮೊದಲ ತಟ್ಟೆ ಪೂರ್ತಿ ಹಾಗೇ ಹೋಯಿತು. ಎರಡನೆಯದನ್ನು ಮೆಟ್ಟಿಲ ಸೂರಿನಡಿ ಇಟ್ಟು ಉಳಿಸಿಕೊಂಡೆವು. ದೀಪಾವಳಿಯ ಹೊತ್ತಿಗೆ ಕುಂಡಕ್ಕೆ ನಾಟಿ, ಸಂಕ್ರಾಂತಿಗೆ ತುಂಬು ಹೂ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಓಡಿತೆಂದರೆ ಪ್ಯಾನ್ಸಿಯೂ ಅದರ ಹಿಂದೆಯೇ ಹೊರಟಿತೆಂದು ತಿಳಿಯಬೇಕು. ಅದನ್ನು ಉಳಿಸಿಕೊಳ್ಳಲು ಹೆಣಗಬೇಡಿ. ನವಿಲುಕೋಸು, ಹೂಕೋಸು, ಬಟಾಣಿ, ಬೀಟ್‌ರೂಟಿಗೂ ಇದೇ ಕಾಲ.

ಸೇವಂತಿಗೆ ಮಾತ್ರ ನಮ್ಮನ್ನು ಸತಾಯಿಸಿತು. ಗಿಡ ದಷ್ಟಪುಷ್ಟ, ಮೊಗ್ಗಿಲ್ಲ. ಅದರ ಪಕ್ಕದ ಸಾಲಿನಲ್ಲಿದ್ದ ಗಿಡಗಳೆಲ್ಲ ಹೂ ಬಿಟ್ಟಿದ್ದವು. ಒಂದು ರಾತ್ರಿ ಮಗಳೇ ಕಂಡುಹಿಡಿದಳು: ಮೊಗ್ಗು ಬಿಡದ ಕುಂಡಗಳ ಮೇಲೆ ಬೀದಿದೀಪದ ಬೆಳಕು ನೇರ ಬೀಳುತ್ತಿತ್ತು. ಸೇವಂತಿಗೆಗೆ ಉದ್ದನೆಯ ಕತ್ತಲು ಬೇಕು. ಚಿಕ್ಕಬಳ್ಳಾಪುರದ ಕಡೆ ರೈತರು ಹೊಲದಲ್ಲಿ ರಾತ್ರಿ ಬಲ್ಬು ಉರಿಸಿ, ತಮಗೆ ಬೇಕಾದ ಹಬ್ಬದ ಪೇಟೆಗೆ ಹೂ ಬರುವಂತೆ ತಡೆಹಿಡಿಯುವುದು ಇದೇ ಕಾರಣಕ್ಕೆ. ಕುಂಡಗಳನ್ನು ಗೋಡೆಯ ಮರೆಗೆ ಸರಿಸಿದ ಕೆಲವು ವಾರಗಳಲ್ಲಿ ಮೊಗ್ಗು ಕಂಡಿತು.

ಇನ್ನು ಸೇಬು. ಎಲ್ಲ ಮಕ್ಕಳಿಗೂ ಸೇಬಿನ ಗಿಡವೇ ಬೇಕು. ಸಾಮಾನ್ಯ ಸೇಬಿನ ಮರಕ್ಕೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗೆ ಎಂಟುನೂರು, ಸಾವಿರ ಗಂಟೆ ನಿದ್ರೆ ಆಗಬೇಕು. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಅಂದರೆ ಒಂದು ಗಂಟೆಯೂ ಲೆಕ್ಕಕ್ಕೆ ಬರುವುದಿಲ್ಲ! ಆದರೂ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಸೇಬು ಬೆಳೆದದ್ದುಂಟು. ಇಂಡೊನೇಷ್ಯಾದ ಜಾವಾ ದ್ವೀಪದ ಬಾಟು ಎಂಬಲ್ಲಿ, ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರದಲ್ಲಿ, ಸೇಬಿನ ತೋಟಗಳೇ ಇವೆ. ಅಲ್ಲಿ ಕೊಯ್ಲಾದ ಮೇಲೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಬಿಡುತ್ತಾರೆ. ಮರ ಗಾಢ ನಿದ್ರೆಗೆ ಜಾರುವ ಮೊದಲೇ ಮತ್ತೆ ಚಿಗುರಿ ಹೂ ಬಿಡುತ್ತದೆ. ಕಡಿಮೆ ಚಳಿ ಸಾಕಾಗುವ 'ಅನ್ನಾ', ಹಿಮಾಚಲದ ಬಿಲಾಸ್‌ಪುರದಲ್ಲಿ ಹುಟ್ಟಿದ 'ಎಚ್‌ಆರ್‌ಎಂಎನ್-99' ತಳಿಗಳು ಈಗ ಸಿಗುತ್ತವೆ. ಯಾವ ತಳಿಯೆಂದು ಕೇಳದೆ, ಜಾತ್ರೆಯಲ್ಲಿ ಕೂಗಿದರೆಂದು ಸೇಬಿನ ಸಸಿ ಕೊಳ್ಳಬೇಡಿ. ನಾನು ಕೊಂಡ ಸಸಿ ಮೂರು ವರ್ಷದಿಂದ ಎಲೆಯನ್ನಷ್ಟೇ ತೋರಿಸುತ್ತಿದೆ.

ತಾರಸಿಗೆ ಮಣ್ಣು ಹೇರುವ ಮುನ್ನ ಅಪ್ಪಂದಿರು ಒಂದು ಗುಣಾಕಾರ ಮಾಡಲೇಬೇಕು. ಹತ್ತಡಿ ಹತ್ತಡಿ ಜಾಗದಲ್ಲಿ ಒಂದಡಿ ಮಣ್ಣು ತುಂಬಿ ನೆನೆಸಿದರೆ ನಾಲ್ಕೂವರೆ ಟನ್ನಿನಷ್ಟು ಭಾರ. ನಾವು ಪಾತಿಯ ಆಸೆ ಬಿಟ್ಟು, ತೆಂಗಿನ ನಾರಿನ ಪುಡಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಹಗುರ ಮಿಶ್ರಣವನ್ನು ಕುಂಡಗಳಿಗೆ ತುಂಬಿ ಗೋಡೆಗಳ ನೇರಕ್ಕೆ ಇಟ್ಟೆವು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಮಣ್ಣಿನ ಕುಂಡ ಹೂಜಿಯ ಹಾಗೆ ಬೆವರಿ ತಂಪಾಗಿರುತ್ತದೆ, ಆದರೆ ನೀರು ಹೆಚ್ಚು ಕೇಳುತ್ತದೆ.

ನೀರಿನ ವಿಷಯ ಸಣ್ಣದಲ್ಲ. 2024ರ ಮಾರ್ಚಿನಲ್ಲಿ ನಗರ ಬಾಯಾರಿದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಬೋರ್‌ವೆಲ್ ಇದೆಯಲ್ಲ ಎನ್ನುವಂತಿಲ್ಲ. ಲೋಹಲೇಪನ ಘಟಕಗಳಿರುವ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ಕಂಡಿವೆ. ಇಂಥ ಕಡೆ ಬೋರ್ ನೀರನ್ನು ಪರೀಕ್ಷೆ ಮಾಡಿಸದೆ ಸೊಪ್ಪು, ಕೋಸು ಬೆಳೆದು ಮಕ್ಕಳ ತಟ್ಟೆಗೆ ಹಾಕಬೇಡಿ. ನಾವು ಅರ್ಧ ತಾರಸಿಯನ್ನು ಖಾಲಿ ಬಿಟ್ಟು ಮಳೆನೀರು ಹಿಡಿಯುತ್ತೇವೆ. ಮುನ್ನೂರು ಚದರಡಿಯ ಮೇಲೆ ವರ್ಷಕ್ಕೆ ಸುಮಾರು 27 ಸಾವಿರ ಲೀಟರ್ ಬೀಳುತ್ತದೆ. ಒಂದು ಜೋರು ಮಳೆಗೆ ನಮ್ಮ ಸಾವಿರ ಲೀಟರಿನ ತೊಟ್ಟಿ ತುಂಬಿ ಹರಿಯುತ್ತದೆ. ಚಳಿಗಾಲದಲ್ಲಿ ಮಳೆ ಇಲ್ಲದಾಗ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಗೆ ಬಿಡುವ ನೀರು ಬೇಡ, ಅದರಲ್ಲಿ ಲವಣ ಹೆಚ್ಚು.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಮನೆತೋಟ, ತಾರಸಿ ತೋಟ, ಶಾಲಾ ತೋಟಗಳಿಗೂ ಸ್ಪರ್ಧೆಯಿದೆ ಎಂದು ಮಗಳಿಗೆ ಗೊತ್ತಾಯಿತು. ಈಗ ಶಾಲೆಯ ಕಾಂಪೌಂಡಿನ ಮೇಲೆ ಅವಳ ಕಣ್ಣು ಬಿದ್ದಿದೆ. ಕೋಣೆಯ ಮಾತು? ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದಿದ್ದಾಳೆ ಮನೆಯಾಕೆ. ಅಷ್ಟರಲ್ಲಿ ಅವಳೇ ಒಂದು ಹೈಡ್ರಾಂಜಿಯ ಕುಂಡಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್ ನೀರು ಹಾಕತೊಡಗಿದ್ದಾಳೆ. ಮೊಗ್ಗು ಇನ್ನೂ ಹಸಿರಾಗಿದೆ.