ಕುರಿ ಕಟ್ಟಿದ ಊರು, ಕಂಪನಿ ಕಟ್ಟಿದ ಮನೆ

2017ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೈಬರಿ ಎಂಬ ಪುಟ್ಟ ಹಳ್ಳಿಗೆ ಹಳದಿ ಕಾರುಗಳ ಮೆರವಣಿಗೆ ಬಂತು. ಕಾರಣ ಕೇಳಿದರೆ ನಗು ಬರುತ್ತದೆ, ಆಮೇಲೆ ಸಿಟ್ಟೂ ಬರುತ್ತದೆ. ಆ ಊರಿನ ನಿವೃತ್ತ ಹಿರಿಯರೊಬ್ಬರು ತಮ್ಮ ಹಳದಿ ಕಾರನ್ನು ಮನೆಯ ಹತ್ತಿರ ನಿಲ್ಲಿಸುತ್ತಿದ್ದರು. ಅದರಿಂದ ಫೋಟೊ ಕೆಡುತ್ತದೆ ಎಂದು ಪ್ರವಾಸಿಗರು ಗೊಣಗುತ್ತಲೇ ಇದ್ದರು. ಕೊನೆಗೆ ಯಾರೋ ಕಾರಿನ ಗಾಜು ಒಡೆದು, ಮೈಯೆಲ್ಲ ಗೀಚಿ ಹೋದರು. ಸುದ್ದಿ ಹಬ್ಬಿದ್ದೇ ತಡ, ಎಲ್ಲೆಲ್ಲಿಂದಲೋ ಹಳದಿ ಕಾರಿನವರು ಒಟ್ಟುಗೂಡಿ ಬಂದು ಊರ ಬೀದಿಯನ್ನೇ ಹಳದಿ ಮಾಡಿಬಿಟ್ಟರು.

ಆ ಫೋಟೊದೊಳಗೆ ಬರುವುದು ಆರ್ಲಿಂಗ್ಟನ್ ರೋ ಎಂಬ ಒಂದು ಸಾಲು ಮನೆ. ಕಲ್ಲಿನ ಗೋಡೆ, ಕಲ್ಲಿನ ಹಂಚು, ಮುಂದೆ ಹರಿಯುವ ತಿಳಿನೀರಿನ ತೊರೆ. ಬ್ರಿಟಿಷ್ ಪಾಸ್‌ಪೋರ್ಟಿನ ಒಳಹೊದಿಕೆಯಲ್ಲೂ ಒಮ್ಮೆ ಇದೇ ಚಿತ್ರ ಅಚ್ಚಾಗಿತ್ತು. ಬಸ್ಸಿನಿಂದ ಇಳಿಯುವ ನೂರಾರು ಜನ ಇದರ ಮುಂದೆ ನಿಂತು ಕ್ಲಿಕ್ಕಿಸಿಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ, ಈ ಕಟ್ಟಡ ಹುಟ್ಟಿದ್ದು ಉಣ್ಣೆಯ ಉಗ್ರಾಣವಾಗಿ. ಸುಮಾರು 1380ರ ಕಟ್ಟಡವಿದು. 17ನೇ ಶತಮಾನದಲ್ಲಿ ಇದನ್ನು ನೇಕಾರರ ಬಿಡಾರಗಳಾಗಿ ಮಾರ್ಪಡಿಸಿದರು. ಬಾಗಿಲು ತಗ್ಗಾದ, ಸೊಂಟ ಬಗ್ಗಿಸಿ ಒಳಹೋಗಬೇಕಾದ ಕೂಲಿಗಳ ಮನೆ ಇಂದು ಒಂದು ದೇಶದ ಗುರುತಾಗಿ ನಿಂತಿದೆ.

ಬೈಬರಿ ಇರುವ ಸೀಮೆಗೆ ಕಾಟ್ಸ್‌ವೋಲ್ಡ್ಸ್ ಎಂದು ಹೆಸರು. ಲಂಡನ್ನಿನ ಪಶ್ಚಿಮಕ್ಕೆ, ಆಕ್ಸ್‌ಫರ್ಡ್ ದಾಟಿದ ಮೇಲೆ ಶುರುವಾಗುವ ಗುಡ್ಡಸಾಲು. ಗ್ಲಾಸ್ಟರ್‌ಶೈರ್ ಇದರ ಹೃದಯ. ಅಂಚುಗಳು ಆಕ್ಸ್‌ಫರ್ಡ್‌ಶೈರ್, ವಿಲ್ಟ್‌ಶೈರ್ ಮುಂತಾದ ಅಕ್ಕಪಕ್ಕದ ಜಿಲ್ಲೆಗಳಿಗೂ ಚಾಚಿವೆ. 1966ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಭೂದೃಶ್ಯವೆಂದು ಘೋಷಿಸಿತು. ಈಗಿನ ವಿಸ್ತೀರ್ಣ 2,038 ಚದರ ಕಿಲೋಮೀಟರ್. ಗುಡ್ಡ ಎಂದರೆ ನಮ್ಮ ಮಲೆನಾಡಿನವರು ನಕ್ಕಾರು: ಅತಿ ಎತ್ತರದ ಕ್ಲೀವ್ ಹಿಲ್ 330 ಮೀಟರ್ ಮಾತ್ರ. ಬೆಂಗಳೂರಿನ ರಸ್ತೆಗಳೇ ಅದಕ್ಕಿಂತ ಬಹಳ ಮೇಲಿವೆ.

ಇಲ್ಲಿ ಎತ್ತರದ ಮಾತಲ್ಲ, ಕಲ್ಲಿನ ಮಾತು. ಸುಮಾರು 17 ಕೋಟಿ ವರ್ಷಗಳ ಹಿಂದೆ ಇದು ಬೆಚ್ಚಗಿನ, ಆಳವಿಲ್ಲದ ಕಡಲು. ಅದರ ತಳದಲ್ಲಿ ಸುಣ್ಣದಂಶ ಪದರ ಪದರವಾಗಿ ಸುತ್ತಿಕೊಂಡು ಸಾಸಿವೆಗಿಂತ ಸಣ್ಣ ದುಂಡು ಕಾಳುಗಳಾಗಿ, ಕಾಳುಗಳು ಬೆಸೆದು ಕಲ್ಲಾಯಿತು. ನೆಲದಿಂದ ತೆಗೆದ ಹೊಸದರಲ್ಲಿ ಮೆದು, ಗರಗಸಕ್ಕೆ ಸಿಗುತ್ತದೆ. ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಉತ್ತರದ ಕಡೆ ಬಣ್ಣ ಗಾಢ. ಅದನ್ನು ಇಂಗ್ಲಿಷಿನವರು ಜೇನಿಗೆ ಹೋಲಿಸುತ್ತಾರೆ, ಮಂಡ್ಯದವರು ನೋಡಿದರೆ ಹೊಸ ಅಚ್ಚುಬೆಲ್ಲ ಎಂದಾರು. ದಕ್ಷಿಣಕ್ಕೆ ಹೋದಂತೆ ಕೆನೆ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಮನೆ, ಚರ್ಚು, ಹೊಲದ ನಡುವಿನ ಗಾರೆಯಿಲ್ಲದ ಕಟ್ಟೆ, ಕುರಿ ನೀರು ಕುಡಿಯುವ ತೊಟ್ಟಿ ಎಲ್ಲವೂ ಇದೇ ಕಲ್ಲು. ಮಾಡಿನ ಹಂಚನ್ನೂ ಕಲ್ಲಿನಿಂದಲೇ ಸೀಳುತ್ತಿದ್ದರು. ಪೂರ್ವದಂಚಿನ ಸ್ಟೋನ್ಸ್‌ಫೀಲ್ಡ್‌ನಲ್ಲಿ ಆ ಕೆಲಸವನ್ನು ಚಳಿಗೇ ಬಿಟ್ಟಿದ್ದರು. ಅಗೆದ ಚಪ್ಪಡಿಗಳನ್ನು ಒಣಗದಂತೆ ಕಾಪಾಡಿ ಚಳಿಗಾಲದ ಬಯಲಿಗೆ ಹರವುವುದು. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಪದರಗಳು ತಾವೇ ಬಿಡುತ್ತವೆ. ದೊಡ್ಡ ಹಂಚು ಸೂರಿನಂಚಿಗೆ, ಚಿಕ್ಕದು ನೆತ್ತಿಗೆ. ಒಂದು ಮಾಡನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ, ಸಾಲುಗಳು ಕಿರಿದಾಗುತ್ತ ಹೋಗುವುದು ಕಾಣುತ್ತದೆ.

ಕಲ್ಲು ನೆಲದ್ದು, ಕಟ್ಟಿಸಿದ ಹಣ ಕುರಿಯದ್ದು. ಕಾಟ್ಸ್‌ವೋಲ್ಡ್ ಕುರಿ ದೊಡ್ಡ ಮೈಯದು, ಹಣೆ ಮುಚ್ಚುವಷ್ಟು ಉದ್ದ ತುಪ್ಪಟದ್ದು. ಅದರ ಉಣ್ಣೆಗಾಗಿ ಫ್ಲಾಂಡರ್ಸ್ ಮತ್ತು ಇಟಲಿಯ ವ್ಯಾಪಾರಿಗಳು ಮಧ್ಯಯುಗದಲ್ಲಿ ಮುಗಿಬೀಳುತ್ತಿದ್ದರು. ಆ ಕಾಲದ ಲೆಕ್ಕಪತ್ರ ಬೇಕಿಲ್ಲ, ನಾರ್ತ್‌ಲೀಚ್ ಊರಿನ ಚರ್ಚಿನ ನೆಲ ನೋಡಿದರೆ ಸಾಕು. ಸಮಾಧಿಯ ಮೇಲೆ ಹಿತ್ತಾಳೆ ತಗಡಿನಲ್ಲಿ ವರ್ತಕರ ಚಿತ್ರಗಳು. ಬೇರೆಡೆ ಸರದಾರರ ಪಾದದಡಿ ಸಿಂಹವೋ ನಾಯಿಯೋ ಇದ್ದರೆ, ಇಲ್ಲಿ ಶೆಟ್ಟರ ಪಾದದಡಿ ಕುರಿ ಮತ್ತು ಉಣ್ಣೆಯ ಮೂಟೆ. ಸಂಕೋಚವೇ ಇಲ್ಲ! ನನಗೆ ಈ ಸೀಮೆಯಲ್ಲಿ ಅತ್ಯಂತ ಇಷ್ಟವಾಗುವುದು ಈ ಪ್ರಾಮಾಣಿಕತೆ. ಚಿಪ್ಪಿಂಗ್ ಕ್ಯಾಂಪ್ಡನ್ನಿನ ಚರ್ಚಿನಲ್ಲಿ 1401ರಲ್ಲಿ ತೀರಿಕೊಂಡ ವಿಲಿಯಂ ಗ್ರೆವೆಲ್‌ನ ಸಮಾಧಿ ಇದೆ. ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳಿಗೆಲ್ಲ ಕಿರೀಟಪ್ರಾಯನೆಂದು ಅದು ಅವನನ್ನು ಹೊಗಳುತ್ತದೆ. ಅವನ ಮನೆಯೂ ಅದೇ ಊರಿನ ಪೇಟೆಬೀದಿಯಲ್ಲಿ ಇನ್ನೂ ನಿಂತಿದೆ.

ಮುಂದೆ ಉಣ್ಣೆ ಮಾರುವ ಬದಲು ಬಟ್ಟೆ ನೇಯ್ದು ಮಾರುವ ಕಾಲ ಬಂತು. ಸ್ಟ್ರೌಡ್ ಕಣಿವೆಯ ತೊರೆಗಳು ಗಿರಣಿಗಳನ್ನು ತಿರುಗಿಸಿದವು. ಅಲ್ಲಿನ ಕಡುಗೆಂಪು ಬಟ್ಟೆ ಸೈನಿಕರ ಅಂಗಿಗೆ ಹೆಸರುವಾಸಿ. ಈಸ್ಟ್ ಇಂಡಿಯಾ ಕಂಪನಿ ಈ ಕಣಿವೆಯ ದೊಡ್ಡ ಗಿರಾಕಿಯಾಗಿತ್ತು. ಆಮೇಲೆ ಕಲ್ಲಿದ್ದಲು, ಉಗಿಯಂತ್ರ ಬಂದು ಜವಳಿ ಯಾರ್ಕ್‌ಶೈರಿಗೆ ವಲಸೆ ಹೋಯಿತು, ಕಾಟ್ಸ್‌ವೋಲ್ಡ್ಸ್ ಬಡವಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ಕಾಸಿಲ್ಲ. ಇವತ್ತು ಪ್ರವಾಸಿಗರು ಹೊಗಳುವ ‘ಕಾಲ ನಿಂತಂತಿರುವ’ ಹಳ್ಳಿಗಳ ಗುಟ್ಟು ಇಷ್ಟೇ. ಕಾಲ ನಿಂತದ್ದಲ್ಲ, ಕೂಲಿ ನಿಂತದ್ದು. ಕಾಟ್ಸ್‌ವೋಲ್ಡ್ ಕುರಿಯ ತಳಿ ಕೂಡ ಅಳಿವಿನಂಚಿಗೆ ಬಂದಿತ್ತು. 1971ರಲ್ಲಿ ಜೋ ಹೆನ್ಸನ್ ಎಂಬ ರೈತ ಅಪರೂಪದ ತಳಿಗಳಿಗೆಂದೇ ತೆರೆದ ಫಾರ್ಮ್‌ನಲ್ಲಿ ಅದನ್ನು ಈಗಲೂ ನೋಡಬಹುದು.

ಬಡತನದ ಈ ಮೌನವನ್ನೇ ಹುಡುಕಿಕೊಂಡು 19ನೇ ಶತಮಾನದ ಕೊನೆಗೆ ನಗರದ ಕಲಾವಿದರು ಬಂದರು. ಲಂಡನ್ನಿನ ಕೊಳೆಗೇರಿಗಳಲ್ಲಿ ಕುಶಲಕರ್ಮಿಗಳ ಸಂಘ ನಡೆಸುತ್ತಿದ್ದ ಸಿ. ಆರ್. ಆಶ್ಬಿ 1902ರಲ್ಲಿ ಸುಮಾರು 150 ಜನರನ್ನು ಹೆಂಡಿರು ಮಕ್ಕಳ ಸಮೇತ ಕ್ಯಾಂಪ್ಡನ್ನಿಗೆ ಕರೆತಂದ. ಬೆಳ್ಳಿ ಕೆಲಸ, ಬಡಗಿ ಕೆಲಸ, ಮುದ್ರಣ, ಎಲ್ಲ ಕೈಯಿಂದಲೇ. ಯಂತ್ರದ ಮಾಲಿನೆದುರು ಬೆಲೆ ನಿಲ್ಲದೆ 1908ರ ಹೊತ್ತಿಗೆ ಸಂಘ ಮುಳುಗಿತು, ಆದರೆ ಹಳೆಯ ರೇಷ್ಮೆ ಗಿರಣಿಯಲ್ಲಿ ಒಂದು ಬೆಳ್ಳಿ ಕಾರ್ಖಾನೆ ಉಳಿದುಕೊಂಡಿದೆ. ಆಶ್ಬಿ ಜೀರ್ಣೋದ್ಧಾರ ಮಾಡಿಕೊಟ್ಟ ಪಕ್ಕದ ಬ್ರಾಡ್ ಕ್ಯಾಂಪ್ಡನ್ನಿನ ನಾರ್ಮನ್ ಚಾಪೆಲ್‌ನಲ್ಲಿ ವಾಸವಿದ್ದವರು ಯಾರೆಂದರೆ ನಮ್ಮ ಕಲಾ ವಿದ್ಯಾರ್ಥಿಗಳೆಲ್ಲ ಬಲ್ಲ ಆನಂದ ಕುಮಾರಸ್ವಾಮಿ. ಸಿಂಹಳದ ಮಧ್ಯಯುಗೀನ ಕಲೆಯ ಮೇಲಿನ ಅವರ ದೊಡ್ಡ ಗ್ರಂಥ 1908ರಲ್ಲಿ ಅಚ್ಚಾದದ್ದು ಇಲ್ಲೇ, ಕೈಮುದ್ರಣದಲ್ಲಿ. ಬ್ರಿಟಿಷರ ಗಿರಣಿ ಮಾಲಿನಿಂದ ಪೂರ್ವದ ಕೈಕಸುಬು ಹೇಗೆ ನಾಶವಾಯಿತೆಂದು ಮರುಗಿದವರಿಗೆ, ಗಿರಣಿಯಿಂದಲೇ ಸೊರಗಿದ ಇಂಗ್ಲಿಷ್ ಹಳ್ಳಿ ಆಸರೆ ಕೊಟ್ಟಿತು.

ಕ್ಯಾಂಪ್ಡನ್ನಿನ ಮೇಲಿನ ಗುಡ್ಡದಲ್ಲಿ 1612ರ ಸುಮಾರಿಗೆ ರಾಬರ್ಟ್ ಡೋವರ್ ಎಂಬ ವಕೀಲ ಶುರುಮಾಡಿದ ‘ಒಲಿಂಪಿಕ್’ ಜಾತ್ರೆ, ನಡುವೆ ನಿಂತುಹೋಗಿದ್ದರೂ, ಈಗ ಮತ್ತೆ ನಡೆಯುತ್ತದೆ. ಬಿಳಿ ಅಂಗಿ ತೊಟ್ಟ ಇಬ್ಬರು ಪರಸ್ಪರ ಹೆಗಲು ಹಿಡಿದು ಮೊಣಕಾಲ ಕೆಳಗಿನ ಮೂಳೆಗೆ ಒದ್ದುಕೊಳ್ಳುವುದು ಅದರ ಮುಖ್ಯ ಸ್ಪರ್ಧೆ. ಪ್ಯಾಂಟಿನೊಳಗೆ ಹುಲ್ಲು ತುರುಕಿಕೊಳ್ಳಲು ಅವಕಾಶವಿದೆಯಂತೆ, ಪುಣ್ಯಕ್ಕೆ.

ಇನ್ನು ಈಸ್ಟ್ ಇಂಡಿಯಾ ಕಂಪನಿಯ ಹಣ. ಮೋರ್ಟನ್-ಇನ್-ಮಾರ್ಷ್ ಪೇಟೆಯಿಂದ ಹೊಲದ ಕಾಲುದಾರಿ ಹಿಡಿದು ಪಶ್ಚಿಮಕ್ಕೆ ನಡೆದರೆ ಓಕ್ ಮರಗಳ ನಡುವೆ ಹಸಿರುಗಟ್ಟಿದ ತಾಮ್ರದ ಗುಮ್ಮಟವೊಂದು ಏಳುತ್ತದೆ. ಅಗಲವಾದ ಛಜ್ಜಾ, ನವಿಲುಗರಿಯಂಥ ಕಮಾನು, ಮೂಲೆಗಳಲ್ಲಿ ಪುಟ್ಟ ಛತ್ರಿಗಳು. ಇದು ಸೆಝಿನ್‌ಕೋಟ್. ಬಂಗಾಳದಲ್ಲಿ ಕಂಪನಿ ನೌಕರಿಯಲ್ಲಿ ಹಣ ಮಾಡಿ ಬಂದ ಚಾರ್ಲ್ಸ್ ಕಾಕರೆಲ್‌ಗಾಗಿ ಅವನ ಅಣ್ಣ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್ 1805ರ ಸುಮಾರಿಗೆ ವಿನ್ಯಾಸ ಮಾಡಿದ ಮನೆ. ವಾಸ್ತುಶಿಲ್ಪಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ನೆರವಿಗೆ ನಿಂತದ್ದು ಚಿತ್ರಕಾರ ಥಾಮಸ್ ಡೇನಿಯಲ್. ಸೋದರನ ಮಗ ವಿಲಿಯಂ ಜೊತೆ ಭಾರತ ಸುತ್ತಿದ ಈತ, 1792ರಲ್ಲಿ ಮೂರನೆಯ ಮೈಸೂರು ಯುದ್ಧ ಮುಗಿದ ಕೂಡಲೇ ಮದ್ರಾಸಿನಿಂದ ಹೊರಟು, ಟಿಪ್ಪು ಆಗತಾನೆ ಬಿಟ್ಟುಕೊಟ್ಟಿದ್ದ ಬಾರಾಮಹಲ್ ಸೀಮೆಯ ಬೆಟ್ಟದ ಕೋಟೆಗಳನ್ನು ಬರೆದುಕೊಂಡಿದ್ದ. ಸೆಝಿನ್‌ಕೋಟ್ ತೋಟದಲ್ಲಿ ಅವನ ಕೈವಾಡ ಎದ್ದು ಕಾಣುತ್ತದೆ. ಕೊಳದ ತಲೆಯಲ್ಲಿ ಸೂರ್ಯನ ಗುಡಿ, ಮರದ ಕಾಂಡಕ್ಕೆ ಸುತ್ತಿಕೊಂಡ ಮೂರು ಹೆಡೆಯ ಹಾವು, ಸೇತುವೆಯ ಮೇಲೆ ಮಲಗಿದ ನಂದಿ. ಮೊಘಲ್ ಗುಮ್ಮಟದಡಿ ನಂದಿ ಏಕೆ ಎಂದು ಕೇಳುವವರಿರಲಿಲ್ಲ. ಒಳಗೆ ಹೋದರೋ, ಹೊರಗಿನ ಹಿಂದೂಸ್ತಾನದ ಸುಳಿವೇ ಇಲ್ಲ; ಅಪ್ಪಟ ಇಂಗ್ಲಿಷ್ ಶ್ರೀಮಂತರ ದಿವಾನಖಾನೆ. 1807ರಲ್ಲಿ ಯುವರಾಜ ಇಲ್ಲಿಗೆ ಬಂದು ಮರುಳಾದ. ಮುಂದೆ ಬ್ರೈಟನ್ನಿನಲ್ಲಿ ಅವನ ಅರಮನೆ ಗುಮ್ಮಟ ಹೊತ್ತು ನಿಂತದ್ದಕ್ಕೆ ಈ ಭೇಟಿಯೂ ಒಂದು ಕಾರಣ.

ಸುಂದರವೇ? ಹೌದು. ಆದರೆ ನಾರ್ತ್‌ಲೀಚಿನ ಶೆಟ್ಟರು ಪಾದದಡಿ ಕುರಿ ಕೆತ್ತಿಸಿದಂತೆ, ಹಣ ಎಲ್ಲಿಂದ ಬಂತೆಂದು ಈ ಮನೆಯೂ ಹೇಳುತ್ತಿದೆಯೇ, ಅಥವಾ ಮರೆಸುತ್ತಿದೆಯೇ ಎಂಬುದು ಅಲ್ಲಿ ನಿಂತಾಗ ಬಗೆಹರಿಯುವುದಿಲ್ಲ.

ಅಲ್ಲಿಂದ ಪೂರ್ವಕ್ಕೆ, ಕಿಂಗ್‌ಹಮ್ ನಿಲ್ದಾಣದ ಹತ್ತಿರ ಡೇಲ್ಸ್‌ಫರ್ಡ್. ಇಲ್ಲಿನ ಪುಟ್ಟ ಚರ್ಚಿನ ಅಂಗಳದಲ್ಲಿ, ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮಲಗಿದ್ದಾನೆ. ಹುಟ್ಟಿದ್ದು 1732ರಲ್ಲಿ, ಸಮೀಪದ ಚರ್ಚಿಲ್ ಎಂಬ ಹಳ್ಳಿಯಲ್ಲಿ. ಇಂಗ್ಲೆಂಡಿನ ಭೂಪದರಗಳ ನಕ್ಷೆಯನ್ನು 1815ರಲ್ಲಿ ಮೊದಲು ಬರೆದ ವಿಲಿಯಂ ಸ್ಮಿತ್ ಹುಟ್ಟಿದ್ದೂ ಅದೇ ಹಳ್ಳಿಯಲ್ಲಿ. ಹೇಸ್ಟಿಂಗ್ಸ್ ಮನೆತನ ಡೇಲ್ಸ್‌ಫರ್ಡ್ ಜಮೀನನ್ನು ಸಾಲಕ್ಕೆ ಕಳೆದುಕೊಂಡಿತ್ತು. ಅದನ್ನು ಮರಳಿ ಪಡೆಯುವುದೇ ಅವನ ಬಾಲ್ಯದ ಹಟವಾಗಿತ್ತಂತೆ. 1788ರಲ್ಲಿ ಕೊಂಡ. ಅದೇ ವರ್ಷ ಲಂಡನ್ನಿನಲ್ಲಿ ಅವನ ಮೇಲೆ ಮಹಾಭಿಯೋಗದ ವಿಚಾರಣೆಯೂ ಆರಂಭವಾಯಿತು. ಏಳು ವರ್ಷ ನಡೆದ ಆ ಮೊಕದ್ದಮೆಯಲ್ಲಿ ಬನಾರಸಿನ ಚೇತ್ ಸಿಂಗ್ ಮತ್ತು ಅವಧದ ಬೇಗಂಗಳಿಂದ ಹಣ ಹಿಂಡಿದ ಆರೋಪಗಳೇ ಮುಖ್ಯ. ಅಷ್ಟು ಹಣದ ತುರ್ತು ಅವನಿಗೆ ಏಕೆ ಬಂತು? ಮರಾಠರ ಜೊತೆ ಯುದ್ಧ, ಅದರ ಬೆನ್ನಿಗೇ ಹೈದರ್ ಅಲಿಯ ಜೊತೆ ಯುದ್ಧ. 1780ರಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿಯ ಪಡೆ ನುಚ್ಚುನೂರಾದಾಗ ಬಂಗಾಳದಿಂದ ಸೈನ್ಯವನ್ನೂ ಹಣವನ್ನೂ ದಕ್ಷಿಣಕ್ಕೆ ಕಳಿಸಬೇಕಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯಲ್ಲಿ ಆ ಕಾಳಗದ ಚಿತ್ರ ನೋಡಿದವರಿಗೆ ಡೇಲ್ಸ್‌ಫರ್ಡ್ ಪರಕೀಯ ಊರಲ್ಲ. 1784ರಲ್ಲಿ ಮಂಗಳೂರು ಒಪ್ಪಂದದಿಂದ ಯುದ್ಧ ಮುಗಿಯಿತು. ಗವರ್ನರ್ ಜನರಲ್ ಹೇಸ್ಟಿಂಗ್ಸ್‌ಗೆ ಆ ಒಪ್ಪಂದ ಹಿಡಿಸಲಿಲ್ಲ. 1795ರಲ್ಲಿ ಖುಲಾಸೆಯಾದರೂ ಮೊಕದ್ದಮೆಯ ಖರ್ಚಿಗೆ ಗಂಟು ಕರಗಿ, ಕಂಪನಿ ಕೊಟ್ಟ ಪಿಂಚಣಿಯಲ್ಲಿ ಈ ಹಳ್ಳಿಯ ಜಮೀನ್ದಾರನಾಗಿ 1818ರವರೆಗೆ ಬಾಳಿದ. ಮನೆ ಕಟ್ಟಿಕೊಟ್ಟವನು ಅದೇ ಸ್ಯಾಮ್ಯುಯೆಲ್ ಕಾಕರೆಲ್.

ಮನೆಯನ್ನು ಸಾರ್ವಜನಿಕರು ನೋಡುವಂತಿಲ್ಲ. ಈಗಿನ ಒಡೆಯರು ಬ್ಯಾಮ್‌ಫರ್ಡ್ ಕುಟುಂಬ, ಅಂದರೆ ಜೆಸಿಬಿ ಯಂತ್ರದ ಮಾಲೀಕರು. ಕರ್ನಾಟಕದ ಕೆರೆಯಂಗಳದಿಂದ ಹೆದ್ದಾರಿಯವರೆಗೆ ಅಗೆಯುತ್ತಿರುವ ಆ ಹಳದಿ ಯಂತ್ರದ ಹೆಸರು ಹೇಸ್ಟಿಂಗ್ಸ್ ಮನೆಯ ಬಾಗಿಲಲ್ಲಿ ಎದುರಾಗುತ್ತದೆಂದು ಯಾರು ಊಹಿಸಿದ್ದರು? ಊರಾಚೆ ಅವರದೇ ಸಾವಯವ ತೋಟದ ಅಂಗಡಿ ಇದೆ. ಬ್ರೆಡ್ಡು, ಚೀಸಿನ ಬೆಲೆ ಪಟ್ಟಿ ನೋಡಿದರೆ ಉಣ್ಣೆಯ ಕಾಲದ ಸಿರಿ ಈ ಸೀಮೆಗೆ ಮರಳಿದೆ ಎಂದು ತಿಳಿಯುತ್ತದೆ. ನೇಕಾರರ ಬಿಡಾರಗಳಿಗೆ ಈಗ ಲಂಡನ್ನಿನ ಸಿರಿವಂತರು ವಾರಾಂತ್ಯಕ್ಕೆ ಬರುತ್ತಾರೆ. ಊರ ಹುಡುಗರಿಗೆ ಊರಿನಲ್ಲೇ ಮನೆ ಕೊಳ್ಳುವ ತಾಕತ್ತಿಲ್ಲ. ಇದು ಕೊಡಗಿನವರಿಗೂ ಚಿಕ್ಕಮಗಳೂರಿನವರಿಗೂ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಹೋಗುವವರಿಗೆ: ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಕಿಂಗ್‌ಹಮ್ ಮತ್ತು ಮೋರ್ಟನ್-ಇನ್-ಮಾರ್ಷ್‌ಗೆ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ಒಂದೇ ದಿನದಲ್ಲಿ ಆರು ಹಳ್ಳಿ ತೋರಿಸುವ ಬಸ್ ಪ್ಯಾಕೇಜ್ ನನ್ನ ಸಲಹೆಯಲ್ಲ. ಎರಡು ಊರು ಆರಿಸಿ ನಡುವೆ ನಡೆಯಿರಿ. ಹಳ್ಳಿಯ ಬಸ್ಸುಗಳು ವಿರಳ, ಭಾನುವಾರವಂತೂ ನಂಬುವಂತಿಲ್ಲ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಬೇಕು. ಗಟ್ಟಿ ಕಾಲಿನವರಿಗೆ ಕ್ಯಾಂಪ್ಡನ್ನಿನಿಂದ ಬಾತ್ ನಗರದವರೆಗೆ 164 ಕಿಲೋಮೀಟರ್‌ನ ಕಾಟ್ಸ್‌ವೋಲ್ಡ್ ವೇ ಎಂಬ ಗುರುತು ಹಾಕಿದ ಹಾದಿ ಇದೆ. ಸೆಝಿನ್‌ಕೋಟ್ ಮನೆ ಬೇಸಿಗೆಯ ಕೆಲವು ದಿನ ಮಾತ್ರ ತೆರೆದಿರುತ್ತದೆ. ಆದರೆ ಜಮೀನಿನ ನಡುವೆ ಹಾಯುವ ಕಾಲುದಾರಿ ಸಾರ್ವಜನಿಕರದ್ದು, ವರ್ಷವಿಡೀ ನಡೆಯಬಹುದು, ಗುಮ್ಮಟ ದೂರದಿಂದಲೇ ಕಾಣುತ್ತದೆ. ಕುರಿಗಳಿರುತ್ತವೆ, ದಾಟಿದ ಮೇಲೆ ಗೇಟು ಹಾಕಿ. ಮಳೆಯಾಗಿದ್ದರೆ ಜೇಡಿಮಣ್ಣು ಕಣಕಾಲು ಮುಟ್ಟುತ್ತದೆ, ಚಪ್ಪಲಿ ಬೇಡ.