ಒಂದು ಗಂಟೆಯ ದೂರದಲ್ಲಿ ಎಷ್ಟು ಕೆಲಸ?

ಬೆಂಗಳೂರಿನ ಬೇಗೂರಿನ ಬಾಡಿಗೆ ಕೋಣೆಯಲ್ಲಿರುವ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಮನೆ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್‌ಗೆ ಜನ ಬೇಕು, ಸಂಬಳ ತಿಂಗಳಿಗೆ ಎರಡು ಸಾವಿರ ಹೆಚ್ಚು ಎಂಬ ಸುದ್ದಿ ಅವಳ ಕಿವಿಗೆ ಬೀಳುತ್ತದೆ. ಆಗ ಅವಳು ಕೇಳುವ ಮೊದಲ ಪ್ರಶ್ನೆ: ‘ಬೆಳಿಗ್ಗೆ ಆರು ಗಂಟೆ ಶಿಫ್ಟಿಗೆ ಅಲ್ಲಿಗೆ ಬಸ್ಸಿದೆಯಾ?’ ಇಲ್ಲ ಎಂದಾದರೆ ಆ ಕೆಲಸ ಖಾಲಿಯಿದ್ದೂ ಅವಳ ಪಾಲಿಗಿಲ್ಲ.

ಸಾರಿಗೆ ಯೋಜನೆ ಮಾಡುವವರು ಈ ಪ್ರಶ್ನೆಯನ್ನೇ ಲೆಕ್ಕಕ್ಕೆ ಇಳಿಸುತ್ತಾರೆ. ಎಷ್ಟು ಬಸ್ಸು ಓಡುತ್ತಿವೆ, ಎಷ್ಟು ಕಿಲೋಮೀಟರ್ ಹಳಿ ಹಾಕಿದೆವು ಎಂಬುದು ಹಳೆಯ ಅಳತೆ. ಹೊಸ ಅಳತೆ ಬೇರೆ: ಈ ಮನೆಯಿಂದ ಬೆಳಿಗ್ಗೆ ಇಷ್ಟು ಹೊತ್ತಿಗೆ ಹೊರಟರೆ ಒಂದು ಗಂಟೆಯೊಳಗೆ ಎಷ್ಟು ಉದ್ಯೋಗಗಳ ಬಾಗಿಲಿಗೆ ತಲುಪಬಹುದು? ಇದರಲ್ಲಿ ಬಸ್ಸಿನೊಳಗೆ ಕೂತ ಸಮಯ ಒಂದು ಭಾಗ ಮಾತ್ರ. ಸ್ಟಾಪಿಗೆ ನಡೆಯುವುದು, ಕಾಯುವುದು, ನಡುವೆ ಬಸ್ಸು ಬದಲಿಸುವುದು, ಇಳಿದ ಮೇಲೆ ಕಾರ್ಖಾನೆಯ ಗೇಟಿನವರೆಗೆ ಮತ್ತೆ ನಡೆಯುವುದು, ಎಲ್ಲವೂ ಆ ಅರವತ್ತು ನಿಮಿಷದಲ್ಲೇ ಮುಗಿಯಬೇಕು. ಕಾಯುವ ಒಂದು ನಿಮಿಷ ಮನಸ್ಸಿಗೆ ಪ್ರಯಾಣದ ಒಂದು ನಿಮಿಷಕ್ಕಿಂತ ಭಾರ. ಹಾಗಾಗಿ ಅದನ್ನು ಸುಮಾರು ಎರಡು ನಿಮಿಷಕ್ಕೆ ಸಮ ಎಂದು ಹಿಡಿಯುವ ರೂಢಿ ಯೋಜಕರಲ್ಲಿದೆ.

ಕಾಯುವ ಸಮಯ ಹುಟ್ಟುವುದು ಒಂದು ಸರಳ ಭಾಗಾಕಾರದಿಂದ. ಒಂದು ಮಾರ್ಗದಲ್ಲಿ ಬಸ್ಸು ಹೋಗಿ ಬರಲು, ಕೊನೆಯ ಸ್ಟಾಪಿನ ವಿರಾಮವೂ ಸೇರಿ, ಎರಡು ಗಂಟೆ ಬೇಕು ಎಂದುಕೊಳ್ಳೋಣ. ಹದಿನೈದು ನಿಮಿಷಕ್ಕೊಂದು ಬಸ್ಸು ಬರಬೇಕಾದರೆ 120ನ್ನು 15ರಿಂದ ಭಾಗಿಸಿ: 8 ಬಸ್ಸು. ರಸ್ತೆಯಲ್ಲಿ ವಾಹನ ಹೆಚ್ಚಿ ಅದೇ ಸುತ್ತು 160 ನಿಮಿಷಕ್ಕೆ ಏರಿತು ಅನ್ನಿ. ಅದೇ 8 ಬಸ್ಸುಗಳು ಈಗ ಇಪ್ಪತ್ತು ನಿಮಿಷಕ್ಕೊಂದು ಬರುತ್ತವೆ. ಹಳೆಯ ಅಂತರ ಉಳಿಯಬೇಕಾದರೆ ಇನ್ನೂ 3 ಬಸ್ಸು, ಅವುಗಳಿಗೆ ಚಾಲಕರು, ನಿರ್ವಾಹಕರು, ಡೀಸೆಲ್ ಬೇಕು. ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದ ಬಸ್ಸು ತನ್ನೊಳಗಿನವರ ಜೊತೆಗೆ ಮುಂದಿನ ಸ್ಟಾಪಿನಲ್ಲಿ ನಿಂತವರ ಸಮಯವನ್ನೂ ತಿನ್ನುತ್ತದೆ. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಹತ್ತುತ್ತಾರೆ, ಅದು ಇನ್ನೂ ತಡವಾಗುತ್ತದೆ, ಹಿಂದಿನದು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಒಂದೂ ಬಾರದೆ ಆಮೇಲೆ ಒಟ್ಟಿಗೆ ಎರಡು ಬರುವುದು ಹೀಗೆ. ನಿರ್ವಾಹಕರನ್ನು ಬೈದರೆ ಪ್ರಯೋಜನವಿಲ್ಲ.

ಈ ಭಾಗಾಕಾರವನ್ನು ತಿರುಗಿಸಿ ನೋಡಿ. ಬಸ್ಸಿಗೇ ಒಂದು ಪಥ ಬಿಟ್ಟುಕೊಟ್ಟು ಸುತ್ತು 90 ನಿಮಿಷಕ್ಕೆ ಇಳಿದರೆ, ಒಂದೂ ಹೊಸ ಬಸ್ಸು ಕೊಳ್ಳದೆ ಅದೇ 8 ಬಸ್ಸುಗಳಿಂದ ಸುಮಾರು ಹನ್ನೊಂದು ನಿಮಿಷಕ್ಕೊಂದು ಬಸ್ಸು ಕೊಡಬಹುದು. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ಚಿಗರಿ ಬಸ್ಸುಗಳಿಗೆ ರಸ್ತೆಯ ನಡುವೆ ಪ್ರತ್ಯೇಕ ಪಥ ಕೊಟ್ಟಿದ್ದು ಇದಕ್ಕಾಗಿಯೇ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಆದ್ಯತಾ ಪಥ ಗುರುತಿಸಿದ್ದರು. ಮೆಟ್ರೊ ಕಾಮಗಾರಿಯ ನಡುವೆ ಅದು ಉಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ನಷ್ಟ.

ರೈಲಿಗೂ ಇದೇ ಲೆಕ್ಕ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಬೊಮ್ಮನಹಳ್ಳಿ, ಕೂಡ್ಲು ಗೇಟ್, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ ಎಲ್ಲ ಅದರ ದಾರಿಯಲ್ಲೇ ಇವೆ. ಆದರೆ ಆರಂಭದಲ್ಲಿ ಇದ್ದದ್ದು ಮೂರೇ ರೈಲು. ಹಾಗಾಗಿ 25 ನಿಮಿಷಕ್ಕೊಂದು ಓಡುತ್ತಿತ್ತು. ಹಳಿ ಪೂರ್ತಿ ಇದ್ದರೂ ಕೈಗೆಟುಕುವ ಉದ್ಯೋಗಗಳು ಪೂರ್ತಿ ಇರಲಿಲ್ಲ. ಒಂದೊಂದು ರೈಲು ಸೇರಿದಂತೆಲ್ಲ ಅದೇ ಹಳಿ ಹೆಚ್ಚು ಜನರಿಗೆ ಉಪಯೋಗಕ್ಕೆ ಬರತೊಡಗಿತು.

ನಿಲ್ದಾಣದಿಂದ ಕಾರ್ಖಾನೆಯವರೆಗಿನ ದೂರ ಇನ್ನೊಂದು ತೊಡಕು. ಜಿಗಣಿ ಕೈಗಾರಿಕಾ ಪ್ರದೇಶ ಬೊಮ್ಮಸಂದ್ರ ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿಲ್ಲ. ಫೀಡರ್ ಬಸ್ಸು ರೈಲಿನ ಹೊತ್ತಿಗೆ ಹೊಂದಿಕೊಂಡು ಹೊರಡಬೇಕು. ರೈಲು ಬರುವ ಎರಡು ನಿಮಿಷ ಮುಂಚೆ ಅದು ಹೊರಟುಹೋದರೆ ಉಳಿಸಿದ ಸಮಯವೆಲ್ಲ ಸ್ಟಾಪಿನಲ್ಲೇ ಕರಗುತ್ತದೆ. ದುಡ್ಡಿನ ಲೆಕ್ಕವೂ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳು ಉಚಿತ, ಮೆಟ್ರೊ ಉಚಿತವಲ್ಲ. 2025ರ ಫೆಬ್ರುವರಿಯ ಏರಿಕೆಯ ನಂತರ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವಳಿಗೆ ಹೆಚ್ಚು ಊರು ತೆರೆದುಕೊಟ್ಟಿದ್ದು ಉಚಿತ ಬಸ್ಸು ಎಂದೇ ನಾನು ನಂಬುತ್ತೇನೆ. ಚಾರ್ಜಿನ ಭಯವಿಲ್ಲದಿದ್ದರೆ ಎರಡು ಬಸ್ಸು ಬದಲಿಸುವ ದೂರದ ಕೆಲಸವನ್ನೂ ಅವಳು ಕೇಳಿ ನೋಡಬಹುದು.

ಇನ್ನು ಮುಂಜಾನೆಯ ಬಸ್ಸು. ಆರು ಗಂಟೆ ಶಿಫ್ಟಿಗೆ ಐದಕ್ಕೇ ಬಸ್ಸು ಹೊರಡಬೇಕು. ಡಿಪೋ ದೂರವಿದ್ದರೆ ಅದು ನಾಲ್ಕೂವರೆಗೆ ಖಾಲಿಯಾಗಿ ಅಲ್ಲಿಂದ ಹೊರಡಬೇಕು. ಈ ಖಾಲಿ ಓಟವನ್ನು ‘ಡೆಡ್ ಕಿಲೋಮೀಟರ್’ ಅನ್ನುತ್ತಾರೆ. ಖರ್ಚುಂಟು, ಆದಾಯವಿಲ್ಲ. ನಮ್ಮ ಹಳ್ಳಿಗಳಿಗೆ ಇದಕ್ಕೊಂದು ಹಳೆಯ ಪರಿಹಾರ ಗೊತ್ತು: ನೈಟ್ ಹಾಲ್ಟ್ ಬಸ್ಸು. ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಊರಿಗೆ ಬಂದು, ಚಾಲಕ–ನಿರ್ವಾಹಕರು ಅಲ್ಲೇ ಮಲಗಿ, ಬೆಳಕು ಹರಿಯುವ ಮುನ್ನ ಮೊದಲ ಟ್ರಿಪ್ ಹೊರಡುವುದು. ಆನೇಕಲ್, ಅತ್ತಿಬೆಲೆ ಸುತ್ತಲಿನ ಹಳ್ಳಿಗಳಿಂದ ಕಾರ್ಖಾನೆಗೆ ಬರುವವರಿಗೆ ಇಂಥ ಬಸ್ಸು ಮೆಟ್ರೊಗಿಂತ ಕಡಿಮೆ ಉಪಕಾರವೇನಲ್ಲ. ಮಲಗಲು ಶುಚಿಯಾದ ಕೋಣೆ, ಶೌಚಾಲಯ ಕೊಡುವ ಜವಾಬ್ದಾರಿ ಮಾತ್ರ ಜೊತೆಗೇ ಬರಬೇಕು.

ಇಷ್ಟೆಲ್ಲ ಹೊಂದಿಸುವವರು ಯಾರು? ಬಸ್ಸು ಬಿಎಂಟಿಸಿಯದು, ಮೆಟ್ರೊ ಬಿಎಂಆರ್‌ಸಿಎಲ್‌ನದು, ಊರಾಚೆಯ ಬಸ್ಸು ಕೆಎಸ್‌ಆರ್‌ಟಿಸಿಯದು, ರೈಲು ರೈಲ್ವೆಯದು. 2020ರಲ್ಲಿ ಕೇಂದ್ರ ಒಪ್ಪಿದ, ನಾಲ್ಕು ಮಾರ್ಗಗಳ ಉಪನಗರ ರೈಲು ಕೆ–ರೈಡ್ ಸಂಸ್ಥೆಯ ಕೈಯಲ್ಲಿದೆ. ಅದರ ಕನಕ ಮಾರ್ಗ ಚಂದಾಪುರದ ಪಕ್ಕದ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗಬೇಕಿದೆ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲಿ ಕಾಯ್ದೆಯಾಯಿತು. ಆ ಮೇಜಿನ ಮೇಲೆ ಮೊದಲು ಇಡಬೇಕಾದದ್ದು ಕಾರ್ಖಾನೆಗಳ ಶಿಫ್ಟ್ ಪಟ್ಟಿ.

ಓದುಗರಲ್ಲಿ ಒಂದು ಮನವಿ. ನಿರ್ವಾಹಕರ ಟಿಕೆಟ್ ಯಂತ್ರದಲ್ಲಿ ದಾಖಲಾಗುವುದು ಬಸ್ಸು ಹತ್ತಿದವರು ಮಾತ್ರ. ಬಸ್ಸಿಲ್ಲವೆಂದು ಕೆಲಸವನ್ನೇ ಬಿಟ್ಟವರು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಆದ್ದರಿಂದ ಡಿಪೋಗೆ ಅರ್ಜಿ ಕೊಡುವಾಗ ‘ಬಸ್ಸು ಸಾಲದು’ ಎಂದಷ್ಟೇ ಬರೆಯಬೇಡಿ. ಯಾವ ಸ್ಟಾಪು, ಎಷ್ಟು ಹೊತ್ತಿಗೆ, ಯಾವ ಶಿಫ್ಟಿಗೆ, ಎಷ್ಟು ಜನ ಎಂದು ಬರೆದು ಎಲ್ಲರ ಸಹಿ ಹಾಕಿಸಿ ಕೊಡಿ.