ಧರ್ಮಯ್ಯನನ್ನು ಕತ್ತರಿಸದ ಪ್ರತಿ

ಐರಿಷ್ ಕಲಾವಿದ ಥಾಮಸ್ ಹಿಕಿ 1816ರಲ್ಲಿ ಬರೆದ ತೈಲಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ನಡುವೆ ಕೆಂಪು ಕೋಟು ತೊಟ್ಟ ಕರ್ನಲ್ ಕಾಲಿನ್ ಮೆಕೆಂಜಿ ನಿಂತಿದ್ದಾನೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು, ನಕ್ಷೆ ಮಾಡಿಸಿ, ಊರೂರಿನ ಕೈಫಿಯತ್ತು (ಸ್ಥಳೀಯ ಚರಿತ್ರೆಯ ಬರಹ), ಶಾಸನ, ಓಲೆಗರಿಗಳನ್ನು ಕೂಡಿಹಾಕಿಸಿದ ಸರ್ವೇಯರ್ ಇವನೇ. ಅವನ ಸುತ್ತ ಮೂವರು ಭಾರತೀಯರಿದ್ದಾರೆ. ದುರ್ಬೀನು ಹಿಡಿದವನು ಜವಾನ ಕೃಷ್ಣಾಜಿ, ಇನ್ನೊಬ್ಬರು ತೆಲುಗು ಪಂಡಿತ ಕಾವಲಿ ವೆಂಕಟ ಲಕ್ಷ್ಮಯ್ಯ, ಓಲೆಗರಿ ಹಿಡಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸಲಾಗಿದೆ. ಹಿನ್ನೆಲೆಯ ಬೆಟ್ಟದ ಮೇಲೆ, ಆಕಾಶಕ್ಕೆ ಎದುರಾಗಿ, ಕಾರ್ಕಳದ ಗೊಮ್ಮಟ. 1432ರಿಂದ ನಿಂತಿರುವ ಆ 42 ಅಡಿಯ ಮೂರ್ತಿ ಇಲ್ಲಿ ಕಿರುಬೆರಳಿನಷ್ಟೂ ಇಲ್ಲ. ಕನ್ನಡ ನಾಡಿಗೆ ಇಷ್ಟು ಹತ್ತಿರದ ಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ನೋಡುವುದು ಪ್ರತಿಯಲ್ಲಿ ಮಾತ್ರ. ಹಾಗಾಗಿ ಆ ಪ್ರತಿ ಹೇಗಿದೆ ಎಂಬುದು ಅಲಂಕಾರದ ಪ್ರಶ್ನೆಯಷ್ಟೇ ಅಲ್ಲ. ಅದು ಚರಿತ್ರೆಯ ಪ್ರಶ್ನೆಯೂ ಹೌದು.

ವರ್ಣಚಿತ್ರದ ಪ್ರತಿ ನಮಗೆ ಹೊಸದಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಕಲ್ಲಚ್ಚಿನ ಮೂಲಕ ಮನೆಮನೆಯ ಗೋಡೆ ಏರಿದರು. ಆಗ ಬಣ್ಣಕ್ಕೊಂದು ಕಲ್ಲು ಬೇಕಿತ್ತು. ಈಗ ಮೂಲವನ್ನು ಬಣ್ಣದ ಅಳತೆಪಟ್ಟಿಯ ಜೊತೆಗಿಟ್ಟು ಸಮಬೆಳಕಿನಲ್ಲಿ ಸೆರೆಹಿಡಿದು, ಪಿಗ್ಮೆಂಟ್ ಶಾಯಿಯ ಸೂಕ್ಷ್ಮ ಹನಿಗಳಲ್ಲಿ ಹತ್ತಿಯ ಕಾಗದ ಅಥವಾ ಕ್ಯಾನ್ವಾಸಿನ ಮೇಲೆ ಇಳಿಸುತ್ತಾರೆ. ಇದಕ್ಕೆ ಜೀಕ್ಲೇ ಎಂಬ ಹೆಸರು ಬಂದದ್ದು 1991ರಲ್ಲಿ. ಸಾಧಾರಣ ಡೈ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ, ಪಿಗ್ಮೆಂಟ್ ಬಹುಕಾಲ ನಿಲ್ಲುತ್ತದೆ. ಆದರೆ ಯಂತ್ರ ಎಷ್ಟೇ ಉತ್ತಮವಾಗಿರಲಿ, ಕೊನೆಯ ತೀರ್ಮಾನ ಮುದ್ರಕನ ಕಣ್ಣಿನದು. ಕೊಳ್ಳುವವರಿಗೆ ಹಿಡಿಸಲೆಂದು ಬಣ್ಣ ಏರಿಸಿದರೆ ಮೆಕೆಂಜಿಯ ಕೆಂಪು ಕೋಟು ಕಿರುಚುತ್ತದೆ, ಓಲೆಗರಿಯ ಮಂಕು ಕಂದು ನೆರಳಿನಲ್ಲಿ ಮುಳುಗಿಹೋಗುತ್ತದೆ. ಕ್ಯಾನ್ವಾಸನ್ನು ಮರದ ಚೌಕಟ್ಟಿನ ಸುತ್ತ ಮಡಚಿ ಬಿಗಿಯುವಾಗ ಅಂಚಿನ ಒಂದೆರಡು ಅಂಗುಲ ಪಕ್ಕಕ್ಕೆ ಹೋಗುತ್ತದೆ. ಸಿದ್ಧ ಅಳತೆಯ ಫ್ರೇಮಿಗೆ ಹೊಂದಿಸಲು ಇನ್ನಷ್ಟು ಕತ್ತರಿಸುತ್ತಾರೆ. ಈ ಚಿತ್ರದಲ್ಲಿ ಸಹಾಯಕರೂ ಬೆಟ್ಟವೂ ಇರುವುದು ಬದಿಗಳ ಕಡೆಗೇ. ಮೆಕೆಂಜಿಯೊಬ್ಬನನ್ನೇ ಉಳಿಸಿ ಮಿಕ್ಕಿದ್ದನ್ನು ತೆಗೆದುಹಾಕಿದ ಪ್ರತಿಗಳೂ ಓಡಾಡುತ್ತಿವೆ.

ಆ ಮಿಕ್ಕಿದ್ದರಲ್ಲಿ ಧರ್ಮಯ್ಯ ಇದ್ದಾರೆ. ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರು ಕನಕಗಿರಿಯ ಜೈನ ಕ್ಷೇತ್ರ. ಹಳಗನ್ನಡ ಬಲ್ಲ, ಹಳೆಯ ಲಿಪಿ ಓದಬಲ್ಲ ಧರ್ಮಯ್ಯ ಅಲ್ಲಿಂದ ಮೆಕೆಂಜಿಯ ತಂಡ ಸೇರಿದರು. ಕಲ್ಲಿನ ಮೇಲೆ ಕೆತ್ತಿದ್ದನ್ನು ಓದಿ ಅರ್ಥ ಹೇಳುವವರಿಲ್ಲದಿದ್ದರೆ ಸರ್ವೇಯರನಿಗೆ ಶಾಸನವೂ ಒಂದೇ, ಬಂಡೆಯೂ ಒಂದೇ. ದೇಶಭಾಷೆಗಳಲ್ಲಿ ತನಗೆ ಪರಿಶ್ರಮವಿಲ್ಲ ಎಂದು ಮೆಕೆಂಜಿಯೇ ಒಪ್ಪಿಕೊಂಡಿದ್ದ. ಅಂದಮೇಲೆ ಮುಂದೆ ಎಂ. ಎಂ. ಕಲಬುರ್ಗಿ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕೈಫಿಯತ್ತುಗಳಂಥ ಸಾಮಗ್ರಿ ಉಳಿದು ಬಂದದ್ದರ ಹಿಂದೆ ಧರ್ಮಯ್ಯನಂಥವರ ಕಣ್ಣು, ಕಿವಿ, ಕಾಲುನಡಿಗೆ ಇವೆ. 1821ರಲ್ಲಿ ಮೆಕೆಂಜಿ ತೀರಿಕೊಂಡ. ಆ ಕೆಲಸ ಮುಂದುವರಿಸಲು ಲಕ್ಷ್ಮಯ್ಯ ಅವಕಾಶ ಕೇಳಿದಾಗ, 1836ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ದೇಶೀಯನೊಬ್ಬನಿಗೆ ಅಷ್ಟು ಯೋಗ್ಯತೆ ಇರಲಾರದೆಂದು ಬಾಗಿಲು ಮುಚ್ಚಿತು. ದಾಖಲೆ ಈ ಪಂಡಿತರನ್ನು ಹೊರಗಿಟ್ಟಿತು, ಹಿಕಿಯ ಕುಂಚ ಒಳಗೆ ಇಟ್ಟಿದೆ. ಅಂಚು ಕತ್ತರಿಸಿದ ಪ್ರತಿ ಸೊಸೈಟಿಯ ಪಕ್ಷ ವಹಿಸಿದಂತಾಗುತ್ತದೆ.

ಕಂಪನಿಯ ಅಧಿಕಾರಿ ನಡುವೆ ಮೆರೆಯುವ ಚಿತ್ರವನ್ನು ನಾವೇಕೆ ಗೋಡೆಗೆ ಹಾಕಬೇಕು ಎಂಬ ಆಕ್ಷೇಪ ಇದೆ. ಅದು ಹಗುರವಾದ ಆಕ್ಷೇಪವಲ್ಲ. ನಿಲುವು, ಬೆಳಕು, ಬಣ್ಣ ಎಲ್ಲವೂ ಯಜಮಾನ ಯಾರೆಂದು ಸಾರುತ್ತವೆ. ಆದರೆ ಆ ಯಜಮಾನಿಕೆ ಯಾರ ವಿದ್ಯೆಯ ಮೇಲೆ ನಿಂತಿತ್ತು ಎಂಬುದೂ ಇದೇ ಚಿತ್ರದಲ್ಲಿ ಕಾಣುತ್ತದೆ. ಚಿತ್ರವನ್ನು ದೂರ ಇಟ್ಟರೆ ಅಧಿಕಾರಿಗೆ ನಷ್ಟವೇನಿಲ್ಲ, ಅವನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಗಟ್ಟಿಯಾಗಿದೆ. ಕಳೆದುಹೋಗುವುದು ಓಲೆಗರಿ ಹಿಡಿದವರ ಮುಖ. ಮೊಬೈಲಿನಲ್ಲಿ ಪುಕ್ಕಟೆ ಸಿಗುವುದಕ್ಕೆ ಖರ್ಚು ಯಾಕೆ ಎನ್ನುವವರೂ ಇದ್ದಾರೆ. ಅಂಗೈಯಗಲದ ಪರದೆಯಲ್ಲಿ ಕೆಂಪು ಕೋಟು ಕಾಣುತ್ತದೆ, ಬೆಟ್ಟದ ಮೇಲಿನ ಗೊಮ್ಮಟ ಚುಕ್ಕೆಯಾಗುತ್ತಾನೆ. ಮೂಲದ ಮುಂದೆ ಪ್ರತಿ ಏನೂ ಅಲ್ಲ ಎಂಬ ಮಾತಂತೂ ನಿಜ. ಬಣ್ಣದ ದಪ್ಪ, ಕುಂಚದ ಏರಿಳಿತ ಶಾಯಿಯಲ್ಲಿ ಬರುವುದಿಲ್ಲ. ಆದರೆ ಮೂಲ ನೋಡಲು ಲಂಡನ್ನಿಗೆ ಹೋಗುವವರೆಷ್ಟು ಜನ?

ಹಿಕಿ ತೀರಿಕೊಂಡದ್ದು 1824ರಲ್ಲಿ. ಚಿತ್ರದ ಮೇಲೆ ಅವನ ಹಕ್ಕುಸ್ವಾಮ್ಯದ ತೊಡಕಿಲ್ಲ. ಬೇಕಾದದ್ದು ಒಳ್ಳೆಯ ಛಾಯಾಪ್ರತಿ, ಅಂಚು ತಿನ್ನದ ಮುದ್ರಣ, ನಾಲ್ವರ ಹೆಸರನ್ನೂ ಬರೆದ ಕನ್ನಡದ ಅಡಿಬರಹ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಮೆಕೆಂಜಿಯ ಹುಟ್ಟೂರು. 2017ರಲ್ಲಿ ಅಲ್ಲಿ ನಡೆದ ಪ್ರದರ್ಶನಕ್ಕೆ ಈ ಮೂಲ ಚಿತ್ರವೇ ಹೋಗಿತ್ತು. ಮಲೆಯೂರಿಗೆ ಒಂದು ಪೂರ್ತಿ ಪ್ರತಿಯಾದರೂ ಬರಲಿ. ಕಾರ್ಕಳಕ್ಕೆ ಇನ್ನೊಂದು.